ಬಂದರಿನ ಪಕ್ಕದ ಬಾಡಿಗೆ ಮನೆ: ಕರಾರಿಗೆ ಸಹಿ ಹಾಕುವ ಮುನ್ನ

ಪ್ರಶ್ನೆ: ಬಂದರಿನ ನೀರಿನಿಂದ ಎರಡು ಬೀದಿ ಹಿಂದಿರುವ ಶಾಂತ ಬಡಾವಣೆಯಲ್ಲಿ, ಸುಮಾರು ಮೂವತ್ತು ವರ್ಷ ಹಳೆಯದಾದ ಕಟ್ಟಡದ ಮೊದಲ ಮಹಡಿಯ ಮನೆಯನ್ನು ಎರಡು ವರ್ಷದ ಕರಾರಿನ ಮೇಲೆ ಬಾಡಿಗೆಗೆ ಹಿಡಿಯಬೇಕೆಂದಿದ್ದೇವೆ. ಎರಡು ಸಲ ಮಧ್ಯಾಹ್ನದ ಹೊತ್ತು ಹೋಗಿ ನೋಡಿ ಬಂದೆವು. ಬೀದಿ ನಿಶ್ಶಬ್ದವಾಗಿತ್ತು, ಗಾಳಿ ಹಿತವಾಗಿತ್ತು, ಗೋಡೆಗಳಿಗೆ ಹೊಸದಾಗಿ ಬಣ್ಣ ಬಳಿದಿದ್ದರು. ಆದರೆ ಪಕ್ಕದ ಮನೆಯವರು "ಇಲ್ಲಿ ಯಾವ ವಸ್ತುವೂ ಬಾಳುವುದಿಲ್ಲ, ಎಲ್ಲವೂ ತುಕ್ಕು ಹಿಡಿಯುತ್ತದೆ" ಎಂದರು. ಬ್ರೋಕರ್ ಮಾತ್ರ "ಎರಡು ಬೀದಿ ಹಿಂದಿದೆಯಲ್ಲ, ಉಪ್ಪುಗಾಳಿ ಇಲ್ಲಿಯತನಕ ಬರುವುದಿಲ್ಲ, ಕಡಲ ಗಾಳಿ ಮಗುವಿನ ಆರೋಗ್ಯಕ್ಕೂ ಒಳ್ಳೆಯದು" ಎನ್ನುತ್ತಾರೆ. ನಮ್ಮ ಏಳು ವರ್ಷದ ಮಗಳಿಗೆ ಅಸ್ತಮಾ ಇದೆ. ಅವಳಿಗೆಂದು ಗೊತ್ತುಮಾಡಿದ ಕೋಣೆಯ ಮೂಲೆಯಲ್ಲಿ ಮುಗ್ಗಲು ವಾಸನೆ ಬಂದಂತಾಯಿತು. ಅತ್ತೆಯವರಿಗೆ ಸಣ್ಣ ಸದ್ದಿಗೂ ಎಚ್ಚರವಾಗುತ್ತದೆ. ಕಾರನ್ನು ನೆಲಮಾಳಿಗೆಯಲ್ಲಿ ನಿಲ್ಲಿಸಬೇಕು. ಕರಾರಿನ ಕರಡಿನಲ್ಲಿ "ಮನೆಯ ಎಲ್ಲ ದುರಸ್ತಿಯೂ ಬಾಡಿಗೆದಾರರ ಹೊಣೆ" ಎಂಬ ಸಾಲೂ ಇದೆ. ಈ ಮನೆಯನ್ನು ಹಿಡಿಯಬಹುದೇ?

ಉತ್ತರ: ತುಕ್ಕು, ಮುಗ್ಗಲು, ಸದ್ದು, ನೀರು ಎಂಬ ನಾಲ್ಕು ಆತಂಕಗಳು ನಿಮ್ಮ ಪತ್ರದಲ್ಲಿ ಬೇರೆಬೇರೆಯಾಗಿ ಕಾಣುತ್ತವೆಯಾದರೂ, ಇಂಥ ಬಡಾವಣೆಗಳ ಕಟ್ಟಡಗಳನ್ನು ತಪಾಸಣೆ ಮಾಡುವುದನ್ನೇ ವೃತ್ತಿಯಾಗಿಸಿಕೊಂಡಿರುವ ನನಗೆ ಅವೆಲ್ಲದರ ಹಿಂದೆ ಕಾಣುವ ಪ್ರಶ್ನೆ ಒಂದೇ: ನೀರಿನ ಪಕ್ಕದಲ್ಲಿರುವ ಕಾರಣಕ್ಕಾಗಿಯೇ ಈ ಕಟ್ಟಡಕ್ಕೆ ಆಗುತ್ತಿರುವ ಸವೆತದ ಖರ್ಚನ್ನು ಹೊರುವವರು ಯಾರು? ನೀವು ಕಡೆಯಲ್ಲಿ ಬರೆದಿರುವ ದುರಸ್ತಿಯ ಸಾಲು, ನನ್ನ ದೃಷ್ಟಿಯಲ್ಲಿ, ಇಡೀ ಪತ್ರದಲ್ಲೇ ಮುಖ್ಯವಾದದ್ದು. ಮನೆಯನ್ನು ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಈಗಿರುವ ಕರಡಿಗೆ, ಎರಡು ಮಧ್ಯಾಹ್ನಗಳ ಭೇಟಿಯನ್ನಷ್ಟೇ ನಂಬಿ, ಸಹಿ ಹಾಕಬೇಡಿ. ಬಂದರಿನ ಪಕ್ಕದ ಮನೆಯ ಗುಣದೋಷಗಳು ಗಾಳಿ ತಿರುಗಿದಾಗ, ನೀರು ಏರಿದಾಗ, ಕತ್ತಲಾದಾಗ ಹೊರಬೀಳುತ್ತವೆ, ಮಧ್ಯಾಹ್ನದ ಹೊತ್ತಿನಲ್ಲಿ ಬಹುತೇಕ ಎಲ್ಲ ಮನೆಗಳೂ ಚೆನ್ನಾಗಿಯೇ ಕಾಣುತ್ತವೆ.

ಮೊದಲು ಉಪ್ಪಿನ ವಿಚಾರ. ಬ್ರೋಕರ್ ಹೇಳಿದ್ದರಲ್ಲಿಯೂ ನೆರೆಯವರು ಹೇಳಿದ್ದರಲ್ಲಿಯೂ ಅರ್ಧರ್ಧ ನಿಜವಿದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅದು ಗಾಳಿಗೆ ಸೇರುವುದು ನೀರು ಆವಿಯಾಗುವುದರಿಂದಲ್ಲ, ಅಲೆ ಒಡೆದು ನೊರೆಯ ಗುಳ್ಳೆಗಳು ಸಿಡಿದಾಗ ಹಾರುವ ಸಣ್ಣ ಹನಿಗಳಿಂದ. ಆದ್ದರಿಂದ ಅಲೆಗಳು ನೇರವಾಗಿ ಬಂದು ಅಪ್ಪಳಿಸುವ ತೆರೆದ ಕರಾವಳಿಗೆ ಹೋಲಿಸಿದರೆ, ಅಲೆತಡೆಗಳ ಒಳಗೆ ನೀರು ನಿಂತಂತಿರುವ ಬಂದರಿನ ದಡದಲ್ಲಿ ಉಪ್ಪಿನ ಕಣಗಳು ಬಹಳ ಕಡಿಮೆ ಹುಟ್ಟುತ್ತವೆ. ನೀರಿನಂಚಿನಿಂದ ದೂರ ಸರಿದಂತೆ, ಮೊದಲ ಕೆಲವು ನೂರು ಮೀಟರುಗಳಲ್ಲಿಯೇ ಅವುಗಳ ಪ್ರಮಾಣ ತೀವ್ರವಾಗಿ ಇಳಿಯುತ್ತದೆ ಎಂಬುದೂ ನಿಜ. ಆದರೆ ಎರಡು ಬೀದಿ ಹಿಂದಿದೆ ಎಂದ ಮಾತ್ರಕ್ಕೆ ಉಪ್ಪು ಬರುವುದಿಲ್ಲ ಎನ್ನಲಾಗದು; ಅಲೆತಡೆಯ ಹೊರಮೈಗೆ ಅಲೆ ಬಡಿಯುವ ದಿಕ್ಕಿನಿಂದಲೇ ವರ್ಷದ ಹೆಚ್ಚಿನ ಕಾಲ ಗಾಳಿ ಬೀಸುವುದಾದರೆ, ನಡುವೆ ಎತ್ತರದ ಕಟ್ಟಡಗಳೂ ಇಲ್ಲದಿದ್ದರೆ, ಹಿಂದಿನ ಬೀದಿಯ ಮಹಡಿಗಳಿಗೂ ಉಪ್ಪು ತಲುಪುತ್ತದೆ. ಲೋಹಗಳನ್ನು ಸವೆಸುವ ಶಕ್ತಿಯ ಆಧಾರದ ಮೇಲೆ ವಾತಾವರಣವನ್ನು ಸಿ1ರಿಂದ ಸಿ5ರವರೆಗೆ, ಅದರ ಮೇಲೆ ಸಿಎಕ್ಸ್ ಎಂದು ವರ್ಗೀಕರಿಸುವ ಐಎಸ್ಓ 9223 ಎಂಬ ಅಂತಾರಾಷ್ಟ್ರೀಯ ಮಾನದಂಡವಿದೆ. ಆ ಮಾನದಂಡವೂ ಬೀದಿಗಳ ಲೆಕ್ಕ ಹಿಡಿಯುವುದಿಲ್ಲ, ಮೇಲ್ಮೈ ಎಷ್ಟು ಕಾಲ ತೇವವಾಗಿರುತ್ತದೆ, ಅದರ ಮೇಲೆ ಎಷ್ಟು ಉಪ್ಪು ಕೂರುತ್ತದೆ ಎಂಬುದನ್ನು ನೋಡುತ್ತದೆ.

ಇಲ್ಲಿ ಹೆಚ್ಚಿನವರು ತಪ್ಪು ತಿಳಿದಿರುವ ಸಂಗತಿಯೊಂದಿದೆ. ಮಳೆಗೆ ಮೈಯೊಡ್ಡಿದ ಭಾಗ ಬೇಗ ಹಾಳಾಗುತ್ತದೆ, ಮರೆಯಲ್ಲಿರುವ ಭಾಗ ಸುರಕ್ಷಿತ ಎಂಬ ನಂಬಿಕೆ ಉಪ್ಪಿನ ವಿಷಯದಲ್ಲಿ ಅನೇಕ ಸಲ ತಲೆಕೆಳಗಾಗುತ್ತದೆ. ಮಳೆ ಬಿದ್ದ ಜಾಗದಲ್ಲಿ ಉಪ್ಪು ತೊಳೆದು ಹೋಗುತ್ತದೆ. ಕಿಟಕಿಯ ಮೇಲಿನ ಸಜ್ಜೆಯ ಅಡಿ, ಬಾಲ್ಕನಿಯ ತಳಭಾಗ, ಕಿಟಕಿಯ ಗ್ರಿಲ್ಲಿನ ಒಳಮೈ, ಮೀಟರ್ ಪೆಟ್ಟಿಗೆಯ ಹಿಂಬದಿ ಇಲ್ಲೆಲ್ಲ ಅದು ಪದರ ಪದರವಾಗಿ ಕೂತುಬಿಡುತ್ತದೆ. ಹೀಗೆ ಕೂತ ಉಪ್ಪು ಸುಮ್ಮನಿರುವುದಿಲ್ಲ. ಗಾಳಿಯ ಸಾಪೇಕ್ಷ ತೇವಾಂಶ ಸುಮಾರು ಶೇ 75 ದಾಟಿದೊಡನೆ ಅಡುಗೆ ಉಪ್ಪು ತಾನಾಗಿ ನೀರೆಳೆದುಕೊಂಡು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇ 33ರಷ್ಟು ತೇವವೂ ಸಾಕು. ನಮ್ಮ ಕೈಗೆ ಒಣಗಿದಂತೆ ತೋರುವ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಉಪ್ಪುನೀರಿನ ಪೊರೆ ದಿನವಿಡೀ ಉಳಿದಿರುವುದಕ್ಕೆ ಇದೇ ಕಾರಣ.

ಆದ್ದರಿಂದ ಮುಂದಿನ ಭೇಟಿಯಲ್ಲಿ ಗೋಡೆಯ ಬಣ್ಣವನ್ನು ನೋಡುತ್ತ ಕಾಲ ಕಳೆಯದೆ ಮರೆಯಲ್ಲಿರುವ ಲೋಹವನ್ನು ನೋಡಿ. ಜಾರುವ ಕಿಟಕಿಯ ಕೆಳಹಳಿಯಲ್ಲಿ ಕಸ ಸೇರುವ ಮೂಲೆಯ ತಿರುಪು, ಬಾಗಿಲಿನ ಕೆಳಗಿನ ಕೀಲು, ಸ್ನಾನದ ಮನೆಯ ಎಕ್ಸಾಸ್ಟ್ ಫ್ಯಾನಿನ ಜಾಲರಿ ಇವುಗಳಿಗೆ ಯಾರೂ ಬಣ್ಣ ಬಳಿಯುವುದಿಲ್ಲ. ತಿರುಪಿನ ತಲೆಯ ಸೀಳೇ ಕಾಣದಷ್ಟು ತುಕ್ಕು ಉಬ್ಬಿದ್ದರೆ ಮನೆಯ ನಿಜವಾದ ವಯಸ್ಸು ಅಲ್ಲಿ ಗೊತ್ತಾಗುತ್ತದೆ. ಎ.ಸಿ.ಯ ಹೊರಘಟಕದ ಹಿಂಭಾಗದಲ್ಲಿ ಸಾಲಾಗಿರುವ ಅಲ್ಯೂಮಿನಿಯಂ ರೆಕ್ಕೆಗಳನ್ನು, ಯಂತ್ರವನ್ನು ಆರಿಸಿದ ಮೇಲೆ, ಬೆರಳಿನಿಂದ ಮೆಲ್ಲಗೆ ಸವರಿ. ತಾಮ್ರದ ಕೊಳವೆಗೆ ತಾಗುವ ಕಡೆ ಅವು ಬಿಳಿ ಪುಡಿಯಾಗಿ ಉದುರಿದರೆ ಆ ಯಂತ್ರದ ಆಯುಸ್ಸು ಮುಗಿಯುತ್ತ ಬಂದಿದೆ ಎಂದೇ ಅರ್ಥ, ಅದನ್ನು ಬದಲಿಸುವ ಖರ್ಚು ಯಾರದೆಂಬ ಮಾತು ಸಹಿಗೆ ಮುಂಚೆಯೇ ತೀರ್ಮಾನವಾಗಬೇಕು. ಸ್ವಿಚ್‌ಬೋರ್ಡುಗಳ ಒಳಗೆ ತಾಮ್ರ ಹಸಿರುಗಟ್ಟಿದೆಯೇ, ವಿದ್ಯುತ್ ಸೋರಿಕೆಯಾದಾಗ ತಾನಾಗಿ ಕಡಿದುಹೋಗುವ ಬ್ರೇಕರ್ ಪರೀಕ್ಷಾ ಗುಂಡಿ ಒತ್ತಿದ ಕೂಡಲೇ ಬೀಳುತ್ತದೆಯೇ ಎಂಬುದನ್ನು ಎಲೆಕ್ಟ್ರಿಷಿಯನ್ ಒಬ್ಬರಿಂದ ನೋಡಿಸಿ. ಮಗು ಮತ್ತು ವಯಸ್ಸಾದವರು ಇರುವ ಮನೆಯಲ್ಲಿ ಇದನ್ನು ಬಿಡಲೇಬಾರದು.

"ಯಾವ ವಸ್ತುವೂ ಬಾಳುವುದಿಲ್ಲ" ಎಂಬ ನೆರೆಯವರ ಮಾತು ಅತಿಯಾಯಿತು. ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಉಕ್ಕು, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಒಳ್ಳೆಯ ಲೇಪನವಿರುವ ಅಲ್ಯೂಮಿನಿಯಂ ಇಂಥ ಕಡೆ ವರ್ಷಗಟ್ಟಲೆ ನಿಲ್ಲುತ್ತವೆ. ಸಾಮಾನ್ಯವಾಗಿ ಸಿಗುವ 304 ದರ್ಜೆಯ ಸ್ಟೀಲಿನಲ್ಲಿ ಮಾಲಿಬ್ಡಿನಂ ಇಲ್ಲದಿರುವುದರಿಂದ ಅದರ ಮೇಲೆ ಕಂದು ಕಲೆಗಳು ಬೇಗ ಮೂಡುತ್ತವೆ, ಆದರೆ ಆ ಕಲೆಗಳು ಬಹುಮಟ್ಟಿಗೆ ನೋಟಕ್ಕೆ ಸಂಬಂಧಿಸಿದವು. ನಿಮ್ಮ ಸೈಕಲ್ಲು, ಹೊಲಿಗೆ ಯಂತ್ರ, ಬಾಲ್ಕನಿಯ ಗ್ರಿಲ್ಲು ಇವುಗಳನ್ನು ಆಗಾಗ ಸಿಹಿನೀರಿನ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಅವುಗಳ ಬಾಳಿಕೆ ಗಮನಾರ್ಹವಾಗಿ ಹೆಚ್ಚುತ್ತದೆ.

ತುಕ್ಕಿನ ವಿಷಯದಲ್ಲಿ ನನಗೆ ನಿಜವಾದ ಭಯವಿರುವುದು ಕಾಂಕ್ರೀಟಿನ ಒಳಗಿನ ಸರಳುಗಳ ಬಗ್ಗೆ. ಹೊಸ ಕಾಂಕ್ರೀಟ್ ತೀಕ್ಷ್ಣ ಕ್ಷಾರೀಯವಾಗಿರುವುದರಿಂದ, ಅಂದರೆ ಅದರ ಪಿಎಚ್ 12ಕ್ಕಿಂತ ಹೆಚ್ಚಿರುವುದರಿಂದ, ಉಕ್ಕಿನ ಮೇಲೆ ಕಾಪಾಡುವ ಪದರವೊಂದು ತಾನಾಗಿ ಕಟ್ಟಿಕೊಳ್ಳುತ್ತದೆ. ದಶಕಗಳ ಅವಧಿಯಲ್ಲಿ ಉಪ್ಪಿನ ಕ್ಲೋರೈಡ್ ಒಳಗಿಳಿದು ಆ ಪದರವನ್ನು ಒಡೆದ ಮೇಲೆ ಸರಳಿಗೆ ತುಕ್ಕು ಹಿಡಿಯುತ್ತದೆ, ಮೂಲ ಉಕ್ಕಿಗಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಬೇಡುವ ಆ ತುಕ್ಕು ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಮೂವತ್ತು ವರ್ಷದ ಕಟ್ಟಡ ಎಂದಿರಿ. ಇದು ಕಾಣಿಸಿಕೊಳ್ಳಲು ಸಾಕಾಗುವ ವಯಸ್ಸು. ಕೆಳಗೆ ನಿಂತು ಮೇಲಿನ ಬಾಲ್ಕನಿಗಳ ತಳವನ್ನು ನೋಡಿ. ಒಂದೇ ಅಂತರದಲ್ಲಿ ಸಾಲಾಗಿ ಓಡುವ ನೇರ ಬಿರುಕುಗಳು, ಅವುಗಳಿಂದ ಇಳಿದ ಕಂದು ಕಲೆ, ಚಕ್ಕೆ ಬಿದ್ದಲ್ಲಿ ತೇಪೆ ಹಾಕಿದ ಗಾರೆ ಇದ್ದರೆ ಸರಳು ತುಕ್ಕು ಹಿಡಿದಿದೆ ಎಂದು ತಿಳಿಯಿರಿ. ನಿಮ್ಮ ಬಾಲ್ಕನಿಯ ಅಂಚನ್ನು ಕೀಲಿಕೈಯಿಂದ ತಟ್ಟಿದಾಗ ಒಂದು ಕಡೆ ಗಟ್ಟಿ ಸದ್ದು, ಇನ್ನೊಂದು ಕಡೆ ಟೊಳ್ಳು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ. ಅಂಥ ಬಾಲ್ಕನಿಯನ್ನು ಕಟ್ಟಡ ಎಂಜಿನಿಯರರೊಬ್ಬರು ನೋಡಿ ಸುರಕ್ಷಿತವೆಂದು ಬರೆದುಕೊಡುವವರೆಗೆ ಮಗುವನ್ನು ಅಲ್ಲಿಗೆ ಬಿಡಬೇಡಿ. ಇದು ಬಾಡಿಗೆದಾರರು ಬಣ್ಣ ಬಳಿದು ಸರಿಪಡಿಸುವ ಕೆಲಸವಲ್ಲ, ಸಂಪೂರ್ಣವಾಗಿ ಮಾಲೀಕರ ಹೊಣೆ.

ಈಗ ಮಗಳ ಕೋಣೆಯ ಮುಗ್ಗಲಿಗೆ ಬರುತ್ತೇನೆ, ಏಕೆಂದರೆ ಈ ಮನೆ ನಿಮಗೆ ಹೊಂದುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸಬೇಕಾದದ್ದು ಅದೇ. ಹೊಸ ಬಣ್ಣ ಬಳಿದ ಮನೆಯಲ್ಲಿ ಬಣ್ಣದ ವಾಸನೆಯನ್ನೂ ಮೀರಿ ಮುಗ್ಗಲು ಮೂಗಿಗೆ ಬಂದಿದೆ ಎಂದರೆ ಅದನ್ನು ಭ್ರಮೆಯೆಂದು ತಳ್ಳಿಹಾಕಬೇಡಿ. ನಾನು ತಪಾಸಣೆಗೆ ಹೋದ ಮನೆಗಳಲ್ಲಿ ಮೊದಲು ತೆರೆಯುವುದು ಗೋಡೆಗೆ ಕಟ್ಟಿದ ಬೀರುಗಳನ್ನು. ಬಣ್ಣದವರು ಬೀರುವಿನ ಒಳಗಿನ ಗೋಡೆಯನ್ನು ಸಾಮಾನ್ಯವಾಗಿ ಹಾಗೆಯೇ ಬಿಟ್ಟಿರುತ್ತಾರೆ, ಹೊರಗೆ ಕೆನೆಬಣ್ಣ ಮಿನುಗುತ್ತಿರುವ ಗೋಡೆಯೇ ಒಳಗೆ ಕಪ್ಪು ಚುಕ್ಕಿಗಳಿಂದ ತುಂಬಿ, ಹಲಗೆಯ ಹಿಂಬದಿ ಉಬ್ಬಿ, ಅಡಿಯಲ್ಲಿ ಬಿಳಿ ಉಪ್ಪಿನ ಪುಡಿ ಉದುರಿರುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ನೀವೂ ಆ ಕೋಣೆಯ ಬೀರುವಿನ ಕೆಳಗಿನ ಖಾನೆಗೆ ತಲೆ ಬಗ್ಗಿಸಿ, ಟಾರ್ಚು ಹಿಡಿದು ನೋಡಿ.

ತೇವ ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಪರಿಹಾರ ಸಾಧ್ಯವಿಲ್ಲ. ನಿಮ್ಮದು ಮೊದಲ ಮಹಡಿಯಾದ್ದರಿಂದ ನೆಲದಿಂದ ಏರುವ ತೇವವನ್ನು ಬಹುಮಟ್ಟಿಗೆ ಬದಿಗಿಡಬಹುದು. ಉಳಿಯುವುದು ಮೂರು: ಗಾಳಿ ಹೊಡೆಯುವ ಹೊರಗೋಡೆಯ ಬಿರುಕಿನಿಂದ ಮಳೆನೀರು ಇಳಿಯುವುದು, ಮೇಲಿನ ಅಥವಾ ಪಕ್ಕದ ಸ್ನಾನದ ಮನೆಯ ಕೊಳವೆ ಸೋರುವುದು, ಮನೆಯ ಒಳಗಿನ ತೇವದ ಗಾಳಿ ತಣ್ಣನೆಯ ಗೋಡೆಗೆ ತಾಗಿ ಹನಿಗಟ್ಟುವುದು. ಮಳೆ ಬಂದು ಒಂದೆರಡು ದಿನಕ್ಕೆ ಕಲೆ ಗಾಢವಾದರೆ ಮೊದಲನೆಯದು. ಮಳೆಗೂ ಅದಕ್ಕೂ ಸಂಬಂಧವಿಲ್ಲದೆ ಕಲೆಯ ಅಂಚು ಹಿಗ್ಗುತ್ತಿದ್ದರೆ ಎರಡನೆಯದು. ಗಾಳಿಯಾಡದ ಮೂಲೆಯಲ್ಲಿ, ಮಂಚದ ಅಥವಾ ಬೀರುವಿನ ಹಿಂದೆ ಚುಕ್ಕಿಚುಕ್ಕಿಯಾಗಿ ಬೂಷ್ಟು ಹರಡಿದ್ದರೆ ಮೂರನೆಯದು. ಮೊದಲಿನ ಎರಡು ಕಟ್ಟಡದ ದೋಷಗಳು. ಮೂರನೆಯದರಲ್ಲಿ ವಾಸಿಸುವವರ ಅಭ್ಯಾಸಕ್ಕೂ ಪಾಲಿದೆ, ಆದರೆ ಕಿಟಕಿಯೇ ತೆರೆಯದ, ಎಕ್ಸಾಸ್ಟ್ ಫ್ಯಾನೇ ಇಲ್ಲದ ಮನೆಯನ್ನು ಕೊಟ್ಟು ಬೂಷ್ಟಿಗೆ ಬಾಡಿಗೆದಾರರನ್ನು ದೂರುವುದು ನ್ಯಾಯವಲ್ಲ. ತೇವ ಅಳೆಯುವ ಮುಳ್ಳಿನ ಮೀಟರನ್ನು ತಂದು ತೋರಿಸುವವರಿದ್ದಾರೆ. ಗೋಡೆಯಲ್ಲಿ ಉಪ್ಪು ಇದ್ದರೆ ಆ ಮೀಟರು ವಾಸ್ತವಕ್ಕಿಂತ ಹೆಚ್ಚಿನ ಅಂಕಿ ತೋರಿಸುವುದರಿಂದ, ಬಂದರು ಬಡಾವಣೆಯಲ್ಲಿ ಅದೊಂದನ್ನೇ ನಂಬಿ ತೀರ್ಮಾನಕ್ಕೆ ಬರಬಾರದು.

ಕಡಲ ಗಾಳಿ ಅಸ್ತಮಾಕ್ಕೆ ಒಳ್ಳೆಯದೆಂಬ ಮಾತನ್ನು ಆಧಾರವಾಗಿ ಇಟ್ಟುಕೊಳ್ಳಬೇಡಿ. ಸಮುದ್ರದ ಕಡೆಯಿಂದ ಬೀಸುವ ಗಾಳಿಯಲ್ಲಿ ನಗರದ ಧೂಳು ಕಡಿಮೆ ಇರಬಹುದು, ಆದರೆ ನಿಮ್ಮ ಮಗಳು ರಾತ್ರಿಯಿಡೀ ಉಸಿರಾಡುವುದು ಮುಚ್ಚಿದ ಕೋಣೆಯೊಳಗಿನ ಗಾಳಿಯನ್ನು. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ವಾಸಿಸುವವರಿಗೆ ಉಸಿರಾಟದ ತೊಂದರೆ, ಅಸ್ತಮಾ ಉಲ್ಬಣ ಇವುಗಳ ಸಾಧ್ಯತೆ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಗೋಡೆಯ ಮೈಯಲ್ಲಿ ತೇವಾಂಶ ಶೇ 80ರ ಆಸುಪಾಸಿನಲ್ಲಿ ಬಹುಕಾಲ ನಿಂತರೆ ಬೂಷ್ಟು ಬೆಳೆಯುತ್ತದೆ. ಕೋಣೆಯ ಗಾಳಿಯನ್ನು ಶೇ 60ರೊಳಗೆ ಇಟ್ಟುಕೊಂಡರೆ ನೀವು ಸುರಕ್ಷಿತ. ಸಣ್ಣ ತೇವಮಾಪಕವೊಂದನ್ನು ಖರೀದಿಸಿ, ಮಾಲೀಕರ ಅನುಮತಿ ಪಡೆದು ಆ ಕೋಣೆಯಲ್ಲಿ ಒಂದು ರಾತ್ರಿ ಇಟ್ಟು ನೋಡಬಹುದು. ದಿನವಿಡೀ ಕಿಟಕಿ ತೆರೆದಿಟ್ಟರೆ ಮನೆ ಒಣಗುತ್ತದೆಂಬುದು ಸಹ ಇಲ್ಲಿ ಎಲ್ಲ ಹೊತ್ತಿನಲ್ಲೂ ನಿಜವಲ್ಲ. ಹೊರಗೆ ಗಾಳಿ ತೇವದಿಂದ ಭಾರವಾಗಿದ್ದು, ಒಳಗೆ ಎ.ಸಿ.ಯಿಂದ ಗೋಡೆಗಳು ತಣ್ಣಗಾಗಿದ್ದಾಗ ಕಿಟಕಿ ತೆರೆದರೆ ನೀವೇ ನೀರನ್ನು ಒಳಗೆ ಕರೆದಂತಾಗುತ್ತದೆ. ಸ್ನಾನ, ಅಡುಗೆ ಆದ ಕೂಡಲೇ ಆವಿಯನ್ನು ಎಕ್ಸಾಸ್ಟ್ ಫ್ಯಾನಿನಿಂದ ಹೊರಹಾಕುವುದು, ಹೊರಗಿನ ಗಾಳಿ ಒಣಗಿರುವ ಹೊತ್ತಿನಲ್ಲಿ ಎದುರುಬದುರು ಕಿಟಕಿಗಳನ್ನು ತೆರೆಯುವುದು, ಮಂಚವನ್ನು ಹೊರಗೋಡೆಯಿಂದ ಒಂದು ಗೇಣು ದೂರ ಇಡುವುದು ಇವು ನಿಜವಾಗಿ ಫಲ ಕೊಡುತ್ತವೆ. ಔಷಧಿಯ ವಿಷಯವನ್ನು ಮಗಳ ವೈದ್ಯರಿಗೇ ಬಿಡುತ್ತೇನೆ.

ಬಂದರಿನ ಹಡಗುಗಳ ಹೊಗೆಯ ಬಗ್ಗೆಯೂ ಪೋಷಕರು ಕೇಳುತ್ತಾರೆ. ಹಡಗುಗಳ ಇಂಧನದಲ್ಲಿ ಗಂಧಕದ ಮಿತಿಯನ್ನು ಶೇ 3.50ರಿಂದ ಶೇ 0.50ಕ್ಕೆ ಇಳಿಸುವ ಅಂತಾರಾಷ್ಟ್ರೀಯ ನಿಯಮ 2020ರ ಜನವರಿ 1ರಿಂದ ಜಾರಿಯಲ್ಲಿರುವುದರಿಂದ ಮೊದಲಿನ ಕಾಲದಷ್ಟು ಗಂಧಕದ ಹೊಗೆ ಈಗ ಇಲ್ಲ. ಸರಕು ಸಾಗಿಸುವ ಬಂದರಾಗಿದ್ದರೆ ಹಡಗಿಗಿಂತ ಲಾರಿಗಳ ದಾರಿಯ ಕಡೆಗೆ ನೀವು ಹೆಚ್ಚು ಗಮನ ಕೊಡಬೇಕು. ಬಡಾವಣೆ ಎಷ್ಟೇ ಶಾಂತವಾಗಿದ್ದರೂ ಅದರ ಅಂಚಿನ ರಸ್ತೆಯಲ್ಲಿ ಬೆಳಗಿನ ಜಾವ ಲಾರಿಗಳು ಎಂಜಿನ್ ಆರಿಸದೆ ಸಾಲುಗಟ್ಟಿ ನಿಂತಿರುತ್ತವೆ.

ಸದ್ದಿನ ವಿಚಾರದಲ್ಲಿ, ಮಧ್ಯಾಹ್ನದ ನಿಶ್ಶಬ್ದ ರಾತ್ರಿಯ ನಿದ್ದೆಗೆ ಪುರಾವೆಯಾಗುವುದಿಲ್ಲ. ಹಗಲಿನಲ್ಲಿ ನೆಲದ ಬಳಿಯ ಗಾಳಿ ಬಿಸಿಯಾಗಿರುವುದರಿಂದ ಸದ್ದು ಮೇಲಕ್ಕೆ ಬಾಗಿ ಚದುರುತ್ತದೆ. ಗಾಳಿ ಬೀಸದ ತಿಳಿರಾತ್ರಿಗಳಲ್ಲಿ ಕೆಳಗಿನ ಗಾಳಿ ತಣ್ಣಗಾಗಿ ಮೇಲಿನದು ಬೆಚ್ಚಗಿರುವಾಗ ಅದೇ ಸದ್ದು ಕೆಳಕ್ಕೆ ಬಾಗುತ್ತದೆ, ನೀರಿನ ಮೇಲ್ಮೈ ಅದನ್ನು ಹೀರದೆ ಪ್ರತಿಫಲಿಸುತ್ತದೆ. ಆದ್ದರಿಂದ ಆಚೆ ದಡದಲ್ಲಿ ಸರಪಳಿ ಬಿದ್ದ ಸದ್ದೂ ಈಚೆಯ ಮಲಗುವ ಕೋಣೆಗೆ ಕೇಳಿಸಬಹುದು. ಅದಕ್ಕಿಂತ ಕಾಡುವುದು ಕಟ್ಟೆಗೆ ನಿಂತ ಹಡಗಿನ ಗುಂಯ್‌ಗುಡುವಿಕೆ. ಮುಖ್ಯ ಎಂಜಿನ್ ನಿಂತಿದ್ದರೂ ದೀಪ, ಪಂಪು, ಶೀತಲ ಕೋಣೆಗಳಿಗಾಗಿ ಜನರೇಟರುಗಳು ಓಡುತ್ತಲೇ ಇರುತ್ತವೆ, ದಡದಿಂದ ವಿದ್ಯುತ್ ಪಡೆಯುವ ವ್ಯವಸ್ಥೆ ಇರುವ ಕಡೆ ಮಾತ್ರ ಅವನ್ನು ಆರಿಸುತ್ತಾರೆ. ಈ ಕೆಳಸ್ತರದ, ಅಂದರೆ ಕಡಿಮೆ ಆವರ್ತನದ ದಪ್ಪ ಸದ್ದನ್ನು ಸಾಧಾರಣ ಕಿಟಕಿಗಾಜು ತಡೆಯಲಾರದು. ಮೊಬೈಲಿನ ಡೆಸಿಬೆಲ್ ಆ್ಯಪ್ ಅದನ್ನು ಕಡಿಮೆಯೆಂದೇ ತೋರಿಸುತ್ತದೆ. ಮಲಗುವ ಕೋಣೆಯೊಳಗೆ ಎಡೆಬಿಡದ ಸದ್ದು 30 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ಹೇಳುವುದರ ಜೊತೆಗೆ, ಕೆಳಸ್ತರದ ಸದ್ದು ಹೆಚ್ಚಿದ್ದಲ್ಲಿ ಅದಕ್ಕಿಂತಲೂ ಕಡಿಮೆ ಮಿತಿ ಬೇಕೆಂದು ಸೇರಿಸಿದೆ. ಅತ್ತೆಯವರ ಕಿವಿಗಿಂತ ಒಳ್ಳೆಯ ಮಾಪಕ ಇಲ್ಲಿ ಸಿಗದು: ಕಟ್ಟೆಯಲ್ಲಿ ಹಡಗು ನಿಂತಿರುವ ರಾತ್ರಿ, ಹತ್ತು ಗಂಟೆಯ ನಂತರ, ಅವರನ್ನೂ ಕರೆದುಕೊಂಡು ಹೋಗಿ ಆ ಕೋಣೆಯಲ್ಲಿ ದೀಪ ಆರಿಸಿ ಅರ್ಧ ಗಂಟೆ ಕೂತು ಬನ್ನಿ.

ಹಡಗಿನ ಶಿಳ್ಳೆಯ ಬಗ್ಗೆ ದೂರು ಕೊಟ್ಟು ನಿಲ್ಲಿಸಬಹುದೆಂದು ಕೆಲವರು ತಿಳಿದಿದ್ದಾರೆ. ಅದು ಆಗದ ಮಾತು. ಬಲಕ್ಕೆ ತಿರುಗುವಾಗ ಒಂದು ಗಿಡ್ಡ ಶಿಳ್ಳೆ, ಎಡಕ್ಕಾದರೆ ಎರಡು, ಎಂಜಿನನ್ನು ಹಿಮ್ಮುಖವಾಗಿ ಓಡಿಸುವಾಗ ಮೂರು, ಮಂಜು ಕವಿದಾಗ ಚಲಿಸುತ್ತಿರುವ ಹಡಗು ಕನಿಷ್ಠ ಎರಡು ನಿಮಿಷಕ್ಕೊಮ್ಮೆಯಾದರೂ ನಾಲ್ಕರಿಂದ ಆರು ಸೆಕೆಂಡಿನ ದೀರ್ಘ ಶಿಳ್ಳೆ ಹಾಕಬೇಕೆಂದು ಅಂತಾರಾಷ್ಟ್ರೀಯ ಸಂಚಾರ ನಿಯಮಗಳೇ ವಿಧಿಸುತ್ತವೆ. ವರ್ಷದಲ್ಲಿ ಬಹುಕಾಲ ಮಂಜು ಕವಿಯುವ ಬಂದರಾಗಿದ್ದರೆ ಅದಕ್ಕೆ ಹೊಂದಿಕೊಂಡೇ ಬಾಳಬೇಕು.

ನೆಲಮಾಳಿಗೆಯ ಕಾರು ನನ್ನನ್ನು ಸ್ವಲ್ಪ ಚಿಂತೆಗೆ ಹಚ್ಚಿದೆ. ಬಂದರು ಬಡಾವಣೆಗೆ ನೀರು ನುಗ್ಗುವುದು ಅಲೆಯ ಮೂಲಕವೇ ಎಂದು ಜನ ಭಾವಿಸುತ್ತಾರೆ. ಹೆಚ್ಚಿನ ಸಲ ಅದು ಸದ್ದಿಲ್ಲದೆ ಮಳೆನೀರಿನ ಚರಂಡಿಯಿಂದ ಹಿಂದಕ್ಕೆ ಬರುತ್ತದೆ. ಚರಂಡಿಯ ಬಾಯಿ ಬಂದರಿಗೆ ತೆರೆದಿರುವುದರಿಂದ, ಸಮುದ್ರದ ಮಟ್ಟ ಬೀದಿಯ ಜಾಲರಿಗಿಂತ ಮೇಲೇರಿದಾಗ, ಒಂದು ಹನಿ ಮಳೆ ಇಲ್ಲದ ಬಿಸಿಲಿನಲ್ಲಿಯೂ ಜಾಲರಿಯಿಂದ ಉಪ್ಪುನೀರು ಉಕ್ಕುತ್ತದೆ. ಹೆಚ್ಚಿನ ಕರಾವಳಿಗಳಲ್ಲಿ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಉಬ್ಬರ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನಗಳಲ್ಲಿ ಅದು ಅತಿ ಎತ್ತರಕ್ಕೆ ಏರುತ್ತದೆ. ಅದರ ಮೇಲೆ ಚಂಡಮಾರುತದ ವಾಯುಭಾರ ಕುಸಿತ ಸೇರಿದರೆ, ಒತ್ತಡ ಒಂದು ಹೆಕ್ಟೊಪ್ಯಾಸ್ಕಲ್ ಇಳಿದಂತೆಲ್ಲ ನೀರು ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ, ದಡದತ್ತ ತಳ್ಳುವ ಗಾಳಿಯ ಪಾಲು ಬೇರೆ. 1901ರಿಂದ 2018ರ ನಡುವೆ ಜಗತ್ತಿನ ಸರಾಸರಿ ಸಮುದ್ರ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆಯೆಂದು ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯ ಆರನೆಯ ವರದಿ ಹೇಳುತ್ತದೆ. ಎರಡು ವರ್ಷದ ಬಾಡಿಗೆದಾರರಿಗೆ ಆ ಏರಿಕೆ ದೂರದ ಮಾತೆನಿಸಬಹುದು, ಆದರೆ ಹಳೆಯ ಮಟ್ಟಕ್ಕೆ ಕಟ್ಟಿದ ಚರಂಡಿಗಳು ಈಗ ಮೊದಲಿಗಿಂತ ಹೆಚ್ಚು ಸಲ ಹಿಂದಕ್ಕೆ ಉಕ್ಕುವುದು ಅದೇ ಕಾರಣಕ್ಕೆ.

ಬಂದರಿನ ಉಬ್ಬರ-ಇಳಿತದ ಪಟ್ಟಿ ಸುಲಭವಾಗಿ ಸಿಗುತ್ತದೆ. ಅದರಲ್ಲಿ ಮುಂದಿನ ಅತಿ ಎತ್ತರದ ಉಬ್ಬರದ ದಿನ ಹಾಗೂ ಗಂಟೆಯನ್ನು ಗುರುತುಮಾಡಿಕೊಂಡು, ಆ ಹೊತ್ತಿಗೆ ಸರಿಯಾಗಿ ಬೀದಿಯ ಜಾಲರಿಯ ಬಳಿ ನಿಂತು ಕೆಳಗಿನ ನೀರು ಎಷ್ಟು ಮೇಲೆ ಬಂದಿದೆಯೆಂದು ನೋಡಿ. ಜಾಲರಿಯಿಂದ ಗೇಣುದ್ದ ಕೆಳಗೆ ನಿಂತಿದ್ದರೆ ಅದೇ ಹೊತ್ತಿನಲ್ಲಿ ಜೋರು ಮಳೆ ಬಿದ್ದ ದಿನ ಆ ನೀರಿಗೆ ಹೋಗಲು ಜಾಗವಿರುವುದಿಲ್ಲ. ನೆಲಮಾಳಿಗೆಯ ಗೋಡೆಗಳಲ್ಲಿ ಒಂದೇ ಎತ್ತರಕ್ಕೆ ಎಳೆದಂತಿರುವ ಗೆರೆ, ಲಿಫ್ಟಿನ ಗುಂಡಿಯಲ್ಲಿ ನಿಂತ ನೀರು, ನೀರೆತ್ತುವ ಪಂಪಿಗೆ ವಿದ್ಯುತ್ ಹೋದಾಗಿನ ಬದಲಿ ವ್ಯವಸ್ಥೆ ಇವನ್ನು ಪರಿಶೀಲಿಸಿ, ಚರಂಡಿಯ ಬಾಯಿಗೆ ನೀರು ಹಿಂದಿರುಗದಂತೆ ತಡೆಯುವ ಕವಾಟ ಇದೆಯೇ ಎಂದು ಕಟ್ಟಡ ನೋಡಿಕೊಳ್ಳುವವರನ್ನು ಕೇಳಿ. ಉಪ್ಪುನೀರಿನಲ್ಲಿ ಚಕ್ರದ ಮಟ್ಟಕ್ಕೆ ನಿಂತ ಕಾರಿನ ಬ್ರೇಕು ಮತ್ತು ತಂತಿಗಳು ಸಿಹಿನೀರಿನಲ್ಲಿ ನಿಂತದ್ದಕ್ಕಿಂತ ಬಹಳ ಬೇಗ ಕೆಡುತ್ತವೆ. ಗುರುತು ಕಂಡರೆ ಕಾರನ್ನು ನೆಲದ ಮೇಲೆ ನಿಲ್ಲಿಸುವ ಏರ್ಪಾಡು ಕೇಳಿ.

ಇಳಿತದ ಹೊತ್ತಿನಲ್ಲಿ ಕೆಸರಿನಿಂದ ಕೊಳೆತ ಮೊಟ್ಟೆಯ ವಾಸನೆ ಬರುವುದುಂಟು. ಆಮ್ಲಜನಕವಿಲ್ಲದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಹುಟ್ಟಿಸುವ ಹೈಡ್ರೋಜನ್ ಸಲ್ಫೈಡ್ ಅದು, ಮೂಗು ಅದನ್ನು ಅತಿ ಕಡಿಮೆ ಪ್ರಮಾಣದಲ್ಲಿಯೇ ಗುರುತಿಸುವುದರಿಂದ ವಾಸನೆ ಬಂದ ಮಾತ್ರಕ್ಕೆ ಅಪಾಯವೆಂದು ಹೆದರಬೇಕಾಗಿಲ್ಲ. ಬೆಳ್ಳಿಯ ವಸ್ತುಗಳು ಕಪ್ಪಾಗಬಹುದು.

ಇನ್ನು ಕರಾರು. ಬಾಡಿಗೆಯ ಕಾನೂನು ಊರಿಂದೂರಿಗೆ ಬೇರೆಯಾಗುವುದರಿಂದ ಸ್ಥಳೀಯ ವಕೀಲರಿಗೆ ಕರಡನ್ನು ತೋರಿಸಿ. ನಾನು ಹೇಳುವುದು ಕಟ್ಟಡದ ಕಡೆಯಿಂದ. "ಎಲ್ಲ ದುರಸ್ತಿ" ಎಂಬ ಮಾತನ್ನು ಒಡೆದು ಬರೆಸಬೇಕು. ಬಲ್ಬು, ನಲ್ಲಿಯ ವಾಷರು, ಬಳಕೆಯಿಂದ ಒಡೆದ ಗಾಜು, ಎ.ಸಿ.ಯ ವಾಡಿಕೆಯ ಸರ್ವಿಸ್ ನಿಮ್ಮ ಪಾಲಿಗೆ ಇರಲಿ. ಕಾಂಕ್ರೀಟ್, ಹೊರಗೋಡೆ, ನೀರಿನ ಕೊಳವೆ, ವಿದ್ಯುತ್ ಜಾಲ, ಉಪ್ಪಿನಿಂದ ಸವೆದ ಗ್ರಿಲ್ಲು ಮತ್ತು ಕೀಲುಗಳು, ಎ.ಸಿ.ಯ ಹೊರಘಟಕ ಮಾಲೀಕರ ಪಾಲು. ಉಪ್ಪುಗಾಳಿಯಿಂದಾಗುವ ತುಕ್ಕನ್ನು ಸಹಜ ಸವೆತವೆಂದು ಪರಿಗಣಿಸತಕ್ಕದ್ದು, ಅದಕ್ಕಾಗಿ ಠೇವಣಿಯಿಂದ ಹಣ ಮುರಿದುಕೊಳ್ಳತಕ್ಕದ್ದಲ್ಲ ಎಂಬ ಒಂದು ವಾಕ್ಯ ಸೇರಲೇಬೇಕು. ಇಂಥ ಬಡಾವಣೆಗಳಲ್ಲಿ ಮನೆ ಬಿಡುವ ದಿನದ ಜಗಳಗಳಲ್ಲಿ ಹೆಚ್ಚಿನವು ಈ ವಾಕ್ಯ ಇಲ್ಲದ್ದರಿಂದಲೇ ಹುಟ್ಟುವುದನ್ನು ನೋಡಿದ್ದೇನೆ. ಸೋರಿಕೆಯನ್ನು ಲಿಖಿತವಾಗಿ ತಿಳಿಸಿದ ಮೇಲೆ ಎಷ್ಟು ದಿನದೊಳಗೆ ಸರಿಪಡಿಸಬೇಕು, ಸರಿಪಡಿಸದಿದ್ದರೆ ದಂಡವಿಲ್ಲದೆ ಮನೆ ಬಿಡಬಹುದೇ ಎಂಬುದೂ ಬರಹದಲ್ಲಿರಲಿ. ಕೀಲಿಕೈ ಪಡೆದ ದಿನವೇ ಪ್ರತಿ ಕೋಣೆಯ, ಪ್ರತಿ ಕಿಟಕಿಯ, ಬೀರುವಿನ ಒಳಗಿನ ದಿನಾಂಕವಿರುವ ಫೋಟೋಗಳನ್ನು ತೆಗೆದು ಮಾಲೀಕರಿಗೆ ಕಳುಹಿಸಿ ಒಪ್ಪಿಗೆ ಪಡೆಯಿರಿ.

ವಿಮೆಯ ಬಗ್ಗೆಯೂ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಮಾಲೀಕರ ವಿಮೆ ಸಾಮಾನ್ಯವಾಗಿ ಕಟ್ಟಡಕ್ಕೆ ಮಾತ್ರ. ನಿಮ್ಮ ಸಾಮಾನಿಗೆ ಬೇರೆ ವಿಮೆ ಬೇಕು. ಕ್ರಮೇಣ ಆಗುವ ತುಕ್ಕು, ಬೂಷ್ಟುಗಳನ್ನು ಬಹುತೇಕ ಪಾಲಿಸಿಗಳು ಹೊರಗಿಡುತ್ತವೆ, ಮಳೆಯ ಪ್ರವಾಹಕ್ಕೂ ಸಮುದ್ರದ ನೀರು ನುಗ್ಗುವುದಕ್ಕೂ ಬೇರೆ ಬೇರೆ ವ್ಯಾಖ್ಯಾನ ಇಟ್ಟುಕೊಂಡಿರುತ್ತವೆ. ಸಮುದ್ರದ ನೀರಿನ ಬಗ್ಗೆ ಏನು ಬರೆದಿದೆ ಎಂದು ಓದಿಯೇ ಹಣ ಕಟ್ಟಿ.

ನಿಮ್ಮ ಮುಂದಿರುವ ದಾರಿಗಳನ್ನು ಹೀಗೆ ನೋಡುತ್ತೇನೆ. ಈಗಿನ ಕರಡಿಗೇ ಸಹಿ ಹಾಕಿದರೆ ಮೂವತ್ತು ವರ್ಷದ ಉಪ್ಪಿನ ಲೆಕ್ಕವನ್ನು ನಿಮ್ಮ ತಲೆಗೆ ಕಟ್ಟಿಕೊಂಡಂತೆ; ಇದನ್ನು ನಾನು ಯಾರಿಗೂ ಸೂಚಿಸಲಾರೆ. ಕರಾರನ್ನು ತಿದ್ದಿಸಿ ಎರಡು ವರ್ಷಕ್ಕೇ ಒಪ್ಪಿದರೆ ಬಾಡಿಗೆ ಸ್ಥಿರವಾಗಿರುತ್ತದೆ, ಆದರೆ ಮಳೆಗಾಲ ಕಳೆಯುವವರೆಗೆ ಮಗಳ ಕೋಣೆಯ ಸ್ಥಿತಿ ತಿಳಿಯುವುದಿಲ್ಲ. ಮೊದಲು ಆರು ತಿಂಗಳಿಗೆ, ಮುಂದುವರಿಸುವ ಆಯ್ಕೆ ನಿಮಗೇ ಇರುವಂತೆ ಹಿಡಿದರೆ, ಬಾಡಿಗೆ ಸ್ವಲ್ಪ ಹೆಚ್ಚು ಕೇಳಬಹುದಾದರೂ, ಆ ಅವಧಿ ಮಳೆಗಾಲವನ್ನು ಒಳಗೊಳ್ಳುವಂತಿದ್ದರೆ ಆ ಹೆಚ್ಚಿನ ಹಣ ಸಾರ್ಥಕ. ಅದೇ ಬಡಾವಣೆಯಲ್ಲಿ ಇನ್ನೂ ಹಿಂದಿನ, ನೆಲಮಟ್ಟ ಎತ್ತರವಿರುವ ಬೀದಿಯಲ್ಲಿ ಮನೆ ಹುಡುಕುವುದು ನಾಲ್ಕನೆಯ ದಾರಿ. ಅಲ್ಲಿ ನೀರಿನ ಭಯ ಕಡಿಮೆ, ಉಪ್ಪೂ ಕಡಿಮೆ, ಆದರೆ ಸದ್ದು ಅಷ್ಟೇ ಇರಬಹುದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೂರನೆಯದನ್ನೇ ಕೇಳುತ್ತಿದ್ದೆ, ಆದರೆ ಒಂದು ಷರತ್ತಿನ ಮೇಲೆ: ಮಗಳ ಕೋಣೆಯ ಮುಗ್ಗಲಿಗೆ ಕಾರಣವೇನೆಂದು ಮಾಲೀಕರು ನೀವು ಒಳಬರುವ ಮುಂಚೆಯೇ ಪತ್ತೆಹಚ್ಚಿಸಿ, ಮೂಲವನ್ನು ಸರಿಪಡಿಸಿ, ಪ್ಲಾಸ್ಟರ್ ಪೂರ್ತಿ ಒಣಗಿದ ಮೇಲೆ ಮತ್ತೆ ಬಣ್ಣ ಬಳಿಸಬೇಕು. ಬೂಷ್ಟಿನ ಮೇಲೆ ಬ್ಲೀಚ್ ಒರೆಸಿ ಇನ್ನೊಂದು ಪದರ ಬಣ್ಣ ಹಚ್ಚುತ್ತೇವೆ ಎಂದರೆ ಒಪ್ಪಬೇಡಿ. ಗಾರೆಯೊಳಗೆ ಇಳಿದ ಬೂಷ್ಟನ್ನು ಬ್ಲೀಚ್ ಬೇರುಸಹಿತ ತೆಗೆಯಲಾರದು, ತೇವದ ಮೂಲ ಹಾಗೆಯೇ ಉಳಿದರೆ ಅದು ಮತ್ತೆ ಬಂದೇ ಬರುತ್ತದೆ. ಒಣಗಲು ವಾರಗಳೇ ಬೇಕಾಗಬಹುದು, ಅಷ್ಟು ದಿನ ಈಗಿರುವ ಮನೆಯಲ್ಲಿ ಮುಂದುವರಿಯಲು ನಿಮಗೆ ಅನುಕೂಲವಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಗೋಡೆಯನ್ನು ಮುಟ್ಟಲೂ ಮಾಲೀಕರು ಒಪ್ಪದಿದ್ದರೆ, ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿದ್ದರೂ, ಅಸ್ತಮಾ ಇರುವ ಮಗುವಿಗೆ ಆ ಮನೆ ಬೇಡ.